ಪದ ಬೇಕು: ‘ಔಟ್‌ಲಾ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದ ತುರ್ತಾಗಿ ಬೇಕು. ಕುಖ್ಯಾತ ಔಟ್‌ಲಾಗಳನ್ನು ಸಿನಿಮಾದಲ್ಲಿ ಹೇಗೆ ತೋರಿಸಿದ್ದಾರೆ ಅನ್ನುವ ಪ್ರದರ್ಶನಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಇರುವುದು ಒಂದೇ ಗೋಡೆ. ಅದರಲ್ಲಿ ಆಸ್ಟ್ರೇಲಿಯಾದ ನೆಡ್ ಕೆಲ್ಲಿ, ಅಮೆರಿಕದ ದರೋಡೆ ಜೋಡಿ ಬಾನಿ ಮತ್ತು ಕ್ಲೈಡ್, ಚಂಬಲ್‌ನ ಫೂಲನ್ ದೇವಿ, ನಮ್ಮ ವೀರಪ್ಪನ್. ಎಲ್ಲರ ತಲೆ ಮೇಲೂ ಕೂರುವ ಒಂದು ಪದ ಬೇಕು.

“ಕಾನೂನುಬಾಹಿರ” ಬರೆದು ನೋಡಿದೆ. ಅದು ಕಟ್ಟಡಕ್ಕೆ, ಗಣಿಗಾರಿಕೆಗೆ ಹೇಳುವ ಮಾತು. ಮನುಷ್ಯನಿಗೆ ಅಂಟುವುದಿಲ್ಲ. ಹಾಗೇ, ಇಂಥವರ ಮೇಲೆ ಜನಕ್ಕಿರುವ ಫ್ಯಾಸಿನೇಷನ್‌ಗೂ ಒಂದು ಪದ ಹೇಳಿ. “ಆಕರ್ಷಣೆ” ಸಪ್ಪೆ ಅನ್ನಿಸುತ್ತಿದೆ.

* * *

> ಎಲ್ಲರ ತಲೆ ಮೇಲೂ ಕೂರುವ ಒಂದು ಪದ

ಡಕಾಯಿತ. ಎಲ್ಲರಿಗೂ ಗೊತ್ತಿರುವ ಪದ. ಮುಗೀತು.

* * *

> ಡಕಾಯಿತ. ಮುಗೀತು.

ಮುಗಿದಿಲ್ಲ. ಅದು ಹಿಂದಿಯದು. ಈಗ ಯಾರಾದರೂ “ದರೋಡೆಕೋರ” ಅನ್ನುತ್ತಾರೆ, ಅದಕ್ಕೂ ಮೊದಲೇ ಹೇಳಿಬಿಡುತ್ತೇನೆ. ದರೋಡೆ ಮರಾಠಿಯಿಂದ ಬಂತು. ಕೋರ ಪಾರಸಿಯದು, ತಿನ್ನುವವನು ಅಂತ ಅರ್ಥ. ಲಂಚಕೋರ, ಚಾಡಿಕೋರ ಎಲ್ಲದರಲ್ಲೂ ಅದೇ ಬಾಲ. ಬಂಡುಕೋರನೂ ಇದೇ ದಾರಿಯಲ್ಲಿ ಬಂದವನು. ಕಾನೂನು ಅರಬ್ಬಿ. ಇಷ್ಟೆಲ್ಲ ಎರವಲು ತಂದು ಕನ್ನಡ ಫಲಕ ಅನ್ನುವುದು ಹೇಗೆ?

ಔಟ್‌ಲಾ ಅನ್ನೋದನ್ನೇ ಬಿಡಿಸಿ. ಕಟ್ಟಳೆಯ ಹೊರಗಿನವನು. “ಕಟ್ಟಳೆಹೊರಗ” ಅನ್ನಿ. ಬಳಸುತ್ತಾ ಹೋದರೆ ನಾಲಿಗೆಗೆ ಕೂರುತ್ತದೆ. ಫ್ಯಾಸಿನೇಷನ್‌ಗೆ “ಮರುಳು” ಸಾಕು.

* * *

> “ಕಟ್ಟಳೆಹೊರಗ” ಅನ್ನಿ

ಇದನ್ನು ಓದುವವರು ಫಲಕದ ಮುಂದೆ ನಿಂತು ಪದ ಬಿಡಿಸಿಕೊಳ್ಳಬೇಕಾ? ಇಂಗ್ಲಿಷ್ ಪದದ ಬಿಡಿಭಾಗಗಳನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿದರೆ ಪದ ಸಿಗಬಹುದು, ಅರ್ಥ ಸಿಗುವುದಿಲ್ಲ.

ಹಳೆಯ ಇಂಗ್ಲೆಂಡಿನಲ್ಲಿ ಔಟ್‌ಲಾ ಅಂದರೆ ಬರೀ ಕಾನೂನು ಮುರಿದವನಲ್ಲ, ಕಾನೂನೇ ಕೈಬಿಟ್ಟವನು. ಕರೆದಾಗ ಕೋರ್ಟಿಗೆ ಬಾರದೆ ಓಡಿಹೋದವನಿಗೆ ಇನ್ನು ಯಾವ ರಕ್ಷಣೆಯೂ ಇಲ್ಲ ಎಂದು ಸಾರುತ್ತಿದ್ದರು. ತೋಳದ ತಲೆಯವನು ಅಂತಲೂ ಕರೆಯುತ್ತಿದ್ದರು. ತೋಳವನ್ನು ಹೊಡೆದು ಹಾಕಿದ ಹಾಗೆ ಅವನನ್ನೂ ಯಾರು ಬೇಕಾದರೂ ಹೊಡೆದು ಹಾಕಬಹುದಿತ್ತು. ಆ ಲೆಕ್ಕದಲ್ಲಿ ನಿಮ್ಮ ಗೋಡೆ ಮೇಲೆ ನಿಜವಾದ ಔಟ್‌ಲಾ ಒಬ್ಬನೇ, ನೆಡ್ ಕೆಲ್ಲಿ. 1878ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಅವನ ಗುಂಪಿಗೆಂದೇ ಒಂದು ಕಾಯಿದೆ ತಂದು ಔಟ್‌ಲಾ ಎಂದು ಸಾರಿದರು. 1880ರಲ್ಲಿ ಗಲ್ಲಿಗೇರಿಸಿದರು. 1906ಕ್ಕೆಲ್ಲ ಅವನ ಕಥೆ ಒಂದು ಗಂಟೆಗೂ ಜಾಸ್ತಿ ಉದ್ದದ ಸಿನಿಮಾ ಆಯಿತು. ಜಗತ್ತಿನ ಮೊದಲ ಪೂರ್ಣ ಉದ್ದದ ಕಥಾಚಿತ್ರ ಅದೇ ಎಂದು ಎಣಿಸುತ್ತಾರೆ. ಅಂದರೆ ಸಿನಿಮಾಗೂ ಇಂಥವರಿಗೂ ನಂಟು ಮೊದಲಿನಿಂದಲೇ ಇದೆ.

ಈಗ ನಮ್ಮ ಕಡೆಗೆ ಬನ್ನಿ. ವೀರಪ್ಪನ್‌ಗೆ ಪತ್ರಿಕೆಗಳು ಬಳಸಿದ್ದು “ಕಾಡುಗಳ್ಳ”. ನನಗೆ ಬಹಳ ಹಿಡಿಸಿದ ಪದ. ಈ ಗಳ್ಳ ಒಂದೊಂದು ಸಮಾಸದಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಬೆಣ್ಣೆಗಳ್ಳ ಬೆಣ್ಣೆ ಕದಿಯುತ್ತಾನೆ. ಕೆಲಸಗಳ್ಳ ಕೆಲಸವನ್ನು ಕದಿಯುವುದಿಲ್ಲ, ಕೆಲಸದಿಂದ ತಪ್ಪಿಸಿಕೊಳ್ಳುತ್ತಾನೆ. ಕಾಡುಗಳ್ಳ ಕಾಡಿನಲ್ಲಿ ಅಡಗಿದ ಕಳ್ಳನೂ ಹೌದು, ಕಾಡನ್ನೇ ಕದ್ದ ಕಳ್ಳನೂ ಹೌದು. ಆನೆಯ ದಂತ, ಗಂಧದ ಮರ ಎರಡೂ ಅದರೊಳಗೆ ಬಂದುಬಿಟ್ಟವು.

ಆದರೆ ಕೊಲೆ ಬರಲಿಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರಲ್ಲಿ ಶರಣಾಗುವ ಮಾತಾಡಿ ಕರೆಸಿಕೊಂಡು ಕೊಂದ. ಅಂಥವನನ್ನು ಕಳ್ಳ ಅಂದರೆ ಸಾಕಾ? ಕಳ್ಳ ಅನ್ನುವುದರಲ್ಲಿ ಕನ್ನಡಕ್ಕೆ ಒಂದು ಮುದ್ದೂ ಇದೆ. ಕೃಷ್ಣ ಕಳ್ಳ. ಸಕ್ಕರೆ ಡಬ್ಬಿಗೆ ಕೈ ಹಾಕಿದ ಮಗುವೂ ಕಳ್ಳ. ಸುದ್ದಿಯಲ್ಲಿ ದಿನವೂ ಕಾಡುಗಳ್ಳ, ಕಾಡುಗಳ್ಳ ಎಂದು ಕೇಳಿ ಕೇಳಿ ಅವನ ಮೇಲಿನ ಸಿಟ್ಟು ಸ್ವಲ್ಪ ಮೆತ್ತಗಾಯಿತು ಅಂತಲೇ ನನ್ನ ನಂಬಿಕೆ.

2000ದಲ್ಲಿ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಹೊತ್ತೊಯ್ದಾಗ ನಾನು ಚಿಕ್ಕವನು. 108 ದಿನ. ಮನೆಯಲ್ಲಿ ದೊಡ್ಡವರು ದೇವರಿಗೆ ಹರಕೆ ಹೊರುತ್ತಿದ್ದರು. ಬೀದಿಯಲ್ಲಿ ನಾವು ವೀರಪ್ಪನ್ ಆಟ ಆಡುತ್ತಿದ್ದೆವು. ಒಲೆಯ ಇದ್ದಿಲು ತಂದು ಕೆನ್ನೆ ತುಂಬಾ ಮೀಸೆ ಬರೆದುಕೊಳ್ಳುವುದು. ವೀರಪ್ಪನ್ ಆಗಲು ಜಗಳ, ಪೊಲೀಸ್ ಆಗಲು ಯಾರೂ ಇಲ್ಲ. ಅಣ್ಣಾವ್ರು ಬೇಗ ಬಿಡುಗಡೆಯಾಗಲಿ ಎಂದು ಅಳುತ್ತಿದ್ದವರೂ ನಾವೇ. ಮುಂದೆ 2013ರಲ್ಲಿ, 2016ರಲ್ಲಿ ಅವನ ಮೇಲೆ ಸಿನಿಮಾ ಬಂದಾಗ ನಾನು ಮೊದಲು ನೋಡಿದ್ದು ಮೀಸೆ ಸರಿಯಾಗಿದೆಯಾ ಅಂತ.

ಇದಕ್ಕೆ ಆಕರ್ಷಣೆ ಅನ್ನಲು ಬರುವುದಿಲ್ಲ. “ಮರುಳು” ಸರಿ, ಅದನ್ನು ಒಪ್ಪುತ್ತೇನೆ. ಹಳಗನ್ನಡದಲ್ಲಿ ಮರುಳ್ ಅಂದರೆ ಪಿಶಾಚಿಯೂ ಹೌದು, ರಣರಂಗದಲ್ಲಿ ಹೆಣಗಳ ನಡುವೆ ಓಡಾಡುವಂಥದ್ದು. ಆ ಹೆದರಿಕೆ ಪದದ ತಳದಲ್ಲಿದ್ದರೆ ಒಳ್ಳೆಯದೇ.

ಎಲ್ಲರಿಗೂ ಒಂದೇ ಪದ ಬೇಕೇ ಬೇಕು ಅಂದರೆ, “ತಲೆಮರೆಸಿಕೊಂಡವರು” ನೋಡಿ. ದಿನಪತ್ರಿಕೆಯ ಪದ, ಎರವಲೂ ಅಲ್ಲ. ಇವರೆಲ್ಲರೂ ಮಾಡಿದ ಕೆಲಸ ಅದೊಂದೇ.

* * *

> ವೀರಪ್ಪನ್‌ಗೆ ಪತ್ರಿಕೆಗಳು ಬಳಸಿದ್ದು

ಫೂಲನ್‌ಗೆ? ಅವಳನ್ನು ಇದೇ ಸಾಲಿನಲ್ಲಿ ಕೂರಿಸಬೇಡಿ. ಚಂಬಲ್ ಕಣಿವೆಯಲ್ಲಿ ಹೀಗೆ ಕೋವಿ ಹಿಡಿದು ಹೋದವರು ತಮ್ಮನ್ನು “ಬಾಗಿ” ಎಂದು ಕರೆದುಕೊಳ್ಳುತ್ತಾರೆ, ಬಂಡೆದ್ದವರು ಅಂತ. ಡಾಕು ಅನ್ನುವುದು ಬೇರೆಯವರು. 1994ರ ‘ಬ್ಯಾಂಡಿಟ್ ಕ್ವೀನ್’ ಸಿನಿಮಾದಲ್ಲಿ ತನ್ನನ್ನು ತೋರಿಸಿದ ರೀತಿ ಒಪ್ಪದೆ ಫೂಲನ್ ಕೋರ್ಟಿಗೆ ಹೋಗಿದ್ದಳು. 1996ರಲ್ಲಿ ಸಂಸದೆಯಾದಳು. ತನ್ನ ಕಥೆ ತನ್ನದು ಎಂದವಳಿಗೆ ಅವಳ ಕಡೆಯವರ ಪದವನ್ನೇ ಕೊಡಿ.

* * *

> “ಬಾಗಿ”

ಕನ್ನಡದಲ್ಲಿ ಬಾಗಿ ಅಂದರೆ ತಲೆ ತಗ್ಗಿಸಿ ಅಂತ. ಬಗ್ಗದವಳಿಗೆ ಬಾಗಿ ಎಂದು ಬರೆಯುತ್ತೀರಾ? ಅರಬ್ಬಿಯಿಂದ ಹಿಂದಿಗೆ, ಹಿಂದಿಯಿಂದ ಇಲ್ಲಿಗೆ. ಬೇಡ. ಬೆಹಮಾಯಿ ಹಳ್ಳಿಯಲ್ಲಿ 1981ರಲ್ಲಿ ಅವಳ ಗುಂಪಿನ ಗುಂಡಿಗೆ ಸತ್ತ 20 ಜನರ ಮನೆಯವರು ಅವಳನ್ನು ಬಂಡೆದ್ದವಳು ಅನ್ನಲಿಲ್ಲ. ಅವರ ಪದಕ್ಕೂ ಬೆಲೆ ಇದೆ.

* * *

> ಅರಬ್ಬಿಯಿಂದ ಹಿಂದಿಗೆ

ಸರ್ಕಾರ, ವಕೀಲ, ಜಾಮೀನು, ಖೈದಿ, ಫಿರ್ಯಾದಿ. ಇವನ್ನೆಲ್ಲ ಬಿಟ್ಟು ಒಂದು ಕೋರ್ಟಿನ ಸುದ್ದಿ ಬರೆದು ತೋರಿಸಿ. ಹುಟ್ಟಿದ ಊರು ಕೇಳಿ ಪದವನ್ನು ಹೊರಗೆ ಹಾಕುವುದಾದರೆ ನಮ್ಮ ಅರ್ಧ ಮಾತು ಹೋಗುತ್ತದೆ. ಬಳಸುವವರ ಬಾಯಲ್ಲಿ ಅದು ಕನ್ನಡ ಆಗಿದೆಯೋ ಇಲ್ಲವೋ, ಅದಷ್ಟೇ ಮುಖ್ಯ. ದರೋಡೆಕೋರ ಆಗಿದೆ. ಬಾಗಿ ಆಗಿಲ್ಲ. ಕಟ್ಟಳೆಹೊರಗ ಆಗುವುದಿಲ್ಲ.

* * *

> ಕಟ್ಟಳೆಹೊರಗ ಆಗುವುದಿಲ್ಲ

ಎಲ್ಲ ಪದವೂ ಒಂದು ದಿನ ಹೊಸದೇ. ಇನ್ನು ನಾನು ಬರೆಯುವುದಿಲ್ಲ.

* * *

ಗೆಳೆಯರೇ, ಎಲ್ಲರಿಗೂ ನಮಸ್ಕಾರ. ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದ್ದಾರೆ, ಅದಕ್ಕೆ ತೀರ್ಮಾನ ಮಾಡಿಬಿಟ್ಟೆ.

ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ: “ತಲೆ ಮರೆಸಿದವರು, ತೆರೆಯಲ್ಲಿ ಮೆರೆದವರು”. ಬರೀ “ತಲೆಮರೆಸಿಕೊಂಡವರು” ಅಂದಿದ್ದರೆ ಪೊಲೀಸ್ ಪ್ರಕಟಣೆಯ ಹಾಗಿತ್ತು. ಜೋರಾಗಿ ಓದಿ ನೋಡಿದೆ. ಮರೆ, ತೆರೆ, ಮೆರೆ ಮೂರೂ ಜೊತೆಗೆ ಬಂದವು. ಒಳಗಿನ ಬರಹದಲ್ಲಿದ್ದ “ವೈಭವೀಕರಣ”ವನ್ನೂ ತೆಗೆದು “ಮೆರೆಸುವುದು” ಮಾಡಿದ್ದೇನೆ. ಜನರ ಫ್ಯಾಸಿನೇಷನ್‌ಗೆ “ಮರುಳು”.

ಕೆಳಗೆ ಒಬ್ಬೊಬ್ಬರಿಗೆ ಬೇರೆ ಬೇರೆ. ನೆಡ್ ಕೆಲ್ಲಿಗೆ ಔಟ್‌ಲಾ ಹಾಗೇ ಇರಲಿ, ಅವನ ಮಟ್ಟಿಗೆ ಅದು ಕಾನೂನಿನ ಪದ. ಬಾನಿ, ಕ್ಲೈಡ್ ದರೋಡೆಕೋರರು. ಬಾನಿ ಬಾಯಲ್ಲಿ ಸಿಗಾರ್ ಕಚ್ಚಿಕೊಂಡ ಫೋಟೊ ಹಾಕಿದ್ದೇನೆ. ಅದು 1933ರಲ್ಲಿ ಅಮೆರಿಕದ ಜಾಪ್ಲಿನ್ ಊರಿನಲ್ಲಿ ಅಡಗಿದ್ದ ಮನೆ ಬಿಟ್ಟು ಓಡುವಾಗ ಅವರೇ ಬಿಟ್ಟುಹೋದ ರೀಲಿನದು. ತಮ್ಮನ್ನು ಮೊದಲು ಚಿತ್ರ ಮಾಡಿಕೊಂಡವರು ಅವರೇ. ಫೂಲನ್ ಪಕ್ಕದಲ್ಲಿ ಪದವೇ ಇಲ್ಲ, ಹೆಸರು ಮಾತ್ರ. ಚಂಬಲ್‌ನವರು ಏನನ್ನುತ್ತಾರೆ, ಬೆಹಮಾಯಿಯಲ್ಲಿ ಏನಾಯಿತು ಎರಡನ್ನೂ ಬರಹದಲ್ಲಿ ಹೇಳಿದ್ದೇನೆ. ವೀರಪ್ಪನ್‌ಗೆ ಕಾಡುಗಳ್ಳ. ಆದರೆ ಅದರ ಕೆಳಗಿನ ಮೊದಲ ಸಾಲು ಶ್ರೀನಿವಾಸ್ ಅವರ ಬಗ್ಗೆ.