ಮೈಸೂರಲ್ಲಿ ಹಿರಿಯರ ಆರೈಕೆಗೆ ಒಂದು ಸಂಶೋಧನೆ-ಉದ್ಯಮ ಕೇಂದ್ರ: ಮೊದಲು ಯಾವ ಕೆಲಸ ಹಿಡಿಯಬೇಕು?

ಸರಸ್ವತಿಪುರಂ_ಗೆಳೆಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವೈದ್ಯಕೀಯ ಉಪಕರಣಗಳ ಬಿಡಿಭಾಗ ಮಾಡುವ ಸಣ್ಣ ಘಟಕದಲ್ಲಿ ಕೆಲಸ ಮಾಡುತ್ತೇನೆ. ನಾವು ಕೆಲವರು ಸೇರಿ ಒಂದು ಪ್ರಸ್ತಾವನೆ ಬರೆಯುತ್ತಿದ್ದೇವೆ. ಒಬ್ಬರು ಡಾಕ್ಟರ್, ಒಬ್ಬರು ಕಾಲೇಜಿನಲ್ಲಿ ಪಾಠ ಮಾಡುವವರು, ಉಳಿದವರು ಎಂಜಿನಿಯರ್‌ಗಳು. ವಯಸ್ಸಾದವರ ಆರೈಕೆಗೆ ಬೇಕಾದ ಸಂಶೋಧನೆ, ಉಪಕರಣ, ಆಹಾರ, ತರಬೇತಿ ಎಲ್ಲ ಒಂದೇ ಊರಲ್ಲಿ ಕೈಕೈ ಹಿಡಿದು ಬೆಳೆಯಬೇಕು, ಅದು ಮೈಸೂರಲ್ಲೇ ಆಗಬೇಕು ಅನ್ನುವುದು ನಮ್ಮ ಆಸೆ.

ಯಾಕೆ ಮೈಸೂರು? ನಿವೃತ್ತಿಯಾದವರ ಊರು ಅಂತಲೇ ಹೆಸರು. ಆದರೆ ಅದಕ್ಕಿಂತ ದೊಡ್ಡ ಕಾರಣ ಇಲ್ಲಿರುವ ಸಂಸ್ಥೆಗಳು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇದೆ. ಮೆಡಿಕಲ್ ಕಾಲೇಜುಗಳು, ಎಂಜಿನಿಯರಿಂಗ್ ಕಾಲೇಜುಗಳು, ನೂರು ವರ್ಷ ದಾಟಿದ ಸರ್ಕಾರಿ ಆಯುರ್ವೇದ ಕಾಲೇಜು ಇವೆ. ಇನ್ನೊಂದು ವಿಷಯ ಮೈಸೂರಿನವರಿಗೇ ಹೆಚ್ಚು ಗೊತ್ತಿಲ್ಲ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಸೂಲಗಿತ್ತಿ ನರ್ಸ್‌ಗಳು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ ಸಂಶೋಧಕರು ಅದೇ ಮಕ್ಕಳನ್ನು, ಅಂದರೆ ಈಗ ಅಜ್ಜ ಅಜ್ಜಿ ಆದವರನ್ನು ಊರಲ್ಲೇ ಹುಡುಕಿ, ಅವರ ಹೃದಯ, ಸಕ್ಕರೆ, ನೆನಪಿನ ಶಕ್ತಿ ಪರೀಕ್ಷೆ ಮಾಡಿದರು. ಮೈನಾ ಅಧ್ಯಯನ ಅಂತ ಅದರ ಹೆಸರು. ಹುಟ್ಟಿದ ದಿನದಿಂದ ಮುಪ್ಪಿನ ತನಕ ದಾಖಲೆ ಇರುವ ಊರು ನಮ್ಮ ದೇಶದಲ್ಲಿ ಎಷ್ಟಿವೆ ಹೇಳಿ?

ಈಗ ಪ್ರಶ್ನೆ. ನಮ್ಮಲ್ಲೇ ಎರಡು ಮಾತು ಇದೆ. ಕೆಲವರು ಮೊದಲು ಜಾಗ, ಕಟ್ಟಡ, ಲ್ಯಾಬ್ ಅನ್ನುತ್ತಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಈ ಕೆಲಸದಲ್ಲಿ ಇರುವವರು ಹೇಳಿ, ಮೊದಲ ವರ್ಷ ಏನು ಮಾಡಿದರೆ ನಿಜವಾಗಿ ಉಪಯೋಗ?

ಮನೆಮನೆ_ನರ್ಸ್

ನಾನು ವರ್ಷಗಳಿಂದ ಮನೆಗಳಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿದ್ದೇನೆ. ದಯವಿಟ್ಟು ಕಟ್ಟಡ ಬೇಡ.

ಒಂದು ಸಣ್ಣ ವಿಷಯ ಹೇಳುತ್ತೇನೆ. ಹಳೇ ಬಡಾವಣೆಗಳಲ್ಲಿ ಎಷ್ಟೋ ಮನೆಗಳ ಬಚ್ಚಲ ಬಾಗಿಲು ಎರಡು ಎರಡೂಕಾಲು ಅಡಿ ಅಷ್ಟೇ. ಅಂಗಡಿಯಲ್ಲಿ ಸಿಗುವ ವಾಕರ್ ಅದರಲ್ಲಿ ತೂರುವುದಿಲ್ಲ. ಅಜ್ಜಿ ಹಾಸಿಗೆಯಿಂದ ಬಾಗಿಲ ತನಕ ವಾಕರ್ ಹಿಡಿದು ಚೆನ್ನಾಗಿ ಬರುತ್ತಾರೆ, ಅಲ್ಲಿ ಅದನ್ನು ಬಿಟ್ಟು ಒಂದು ಕೈಯಲ್ಲಿ ಚೌಕಟ್ಟು, ಇನ್ನೊಂದು ಕೈಯಲ್ಲಿ ನಲ್ಲಿ ಹಿಡಿದು ಒದ್ದೆ ನೆಲಕ್ಕೆ ಕಾಲಿಡುತ್ತಾರೆ. ಬೀಳುವುದು ಅಲ್ಲೇ. ಸೊಂಟದ ಮೂಳೆ ಮುರಿಯುವುದೂ ಅಲ್ಲೇ. ವಾಕರ್ ಮಾಡಿದವರು ಆ ಬಾಗಿಲು ನೋಡಿಯೇ ಇಲ್ಲ.

ಏರ್ ಬೆಡ್ ಕಥೆಯೂ ಅಷ್ಟೇ. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು, ಆಗಬಾರದು ಅಂತ ತರುತ್ತಾರೆ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ನಿಧಾನಕ್ಕೆ ಗಾಳಿ ಇಳಿಯುತ್ತದೆ, ರೋಗಿ ಗಟ್ಟಿ ಹಲಗೆಯ ಮೇಲೆ ಮಲಗಿದ ಹಾಗೆ. ರಾತ್ರಿ ಆದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಏರ್ ಬೆಡ್ ಇದೆಯಲ್ಲ ಅಂತ ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸುವುದನ್ನೂ ಬಿಟ್ಟಿರುತ್ತಾರೆ. ಒಂದು ಸಣ್ಣ ಬ್ಯಾಟರಿ, ಗಾಳಿ ಇಳಿದರೆ ಕೂಗುವ ಒಂದು ಅಲಾರಂ ಹಾಕಿ ಕಡಿಮೆ ಬೆಲೆಗೆ ಕೊಡಿ. ನಿಮ್ಮ ಎಂಜಿನಿಯರ್‌ಗಳು ಮಾಡಬಹುದಾದ ಕೆಲಸ, ಅಲ್ವಾ?

ಇನ್ನು ತರಬೇತಿ. ಏಜೆನ್ಸಿಯಿಂದ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಯಾರೂ ಏನೂ ಕಲಿಸಿರುವುದಿಲ್ಲ. ಹಾಸಿಗೆಯಿಂದ ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯುತ್ತಾರೆ. ಅಜ್ಜನ ಭುಜ ನೋಯುತ್ತದೆ, ಈ ಹುಡುಗಿಯ ಬೆನ್ನೂ ಹೋಗುತ್ತದೆ. ಪುಣ್ಯಕ್ಕೆ ಕೆಲಸ ಮಾಡುವವರಲ್ಲ ಅವರು, ಸಂಸಾರ ಸಾಗಿಸಲು ಬಂದವರು. ಮನೆಯವರು ಕೊಡುವ ಹಣದಲ್ಲಿ ಏಜೆನ್ಸಿ ದೊಡ್ಡ ಪಾಲು ಹಿಡಿದುಕೊಳ್ಳುತ್ತದೆ, ವಾರದ ರಜೆ ಇಲ್ಲ, ಹೀಗಾಗಿ ಒಳ್ಳೆಯವರು ನಿಲ್ಲುವುದಿಲ್ಲ. ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಂ ಹೆಲ್ತ್ ಏಡ್ ಅಂತ ಸರ್ಕಾರ ಒಪ್ಪಿದ ಕೋರ್ಸ್‌ಗಳು ಇವೆ. ಅವನ್ನು ಕನ್ನಡದಲ್ಲಿ, ನಿಜವಾದ ಮನೆಯ ಕೋಣೆ ಬಚ್ಚಲಲ್ಲೇ ಕಲಿಸಿ. ನಿಮ್ಮ ಕೇಂದ್ರ ಅಲ್ಲಿಂದ ಶುರುವಾಗಲಿ.

ನುಂಗು_ನುಡಿ

ನಾನು ಸ್ಪೀಚ್ ಥೆರಪಿಸ್ಟ್. ನಮ್ಮನ್ನು ಮಾತು ಕಲಿಸುವವರು ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ನುಂಗುವ ತೊಂದರೆ ನೋಡುವುದೂ ನಮ್ಮ ಕೆಲಸವೇ. ಲಕ್ವ ಹೊಡೆದವರು, ಪಾರ್ಕಿನ್ಸನ್ಸ್ ಇರುವವರು, ಮರೆವಿನ ಕಾಯಿಲೆಯವರು, ಇವರಿಗೆ ಅನ್ನಕ್ಕಿಂತ ನೀರೇ ಜಾಸ್ತಿ ಅಪಾಯ. ತೆಳುವಾದದ್ದು ಬೇಗ ಜಾರಿ ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ, ನ್ಯುಮೋನಿಯಾ ಆಗುತ್ತದೆ. ಹಾಗಾಗಿ ಗಟ್ಟಿ ಮಾಡಿ ಕೊಡಿ ಅನ್ನುತ್ತೇವೆ. ಎಷ್ಟು ಗಟ್ಟಿ? ಅದಕ್ಕೆ ಇಡ್ಸಿ (IDDSI) ಅನ್ನುವ ಅಂತರರಾಷ್ಟ್ರೀಯ ಅಳತೆ ಇದೆ, ನೀರಿನಷ್ಟು ತೆಳುವಾದ 0ಯಿಂದ ಮಾಮೂಲಿ ಊಟದ 7ರ ತನಕ. ಪಾನೀಯ ಆದರೆ 10 ಮಿಲಿ ಸಿರಿಂಜ್‌ಗೆ ತುಂಬಿ 10 ಸೆಕೆಂಡ್ ಇಳಿಯಲು ಬಿಟ್ಟು, ಎಷ್ಟು ಉಳಿಯಿತು ಅಂತ ನೋಡಿದರೆ ಸಾಕು, ಮನೆಯಲ್ಲೇ ಮಾಡಬಹುದು.

ಕಷ್ಟ ಇರುವುದು ರುಚಿಯಲ್ಲಿ. ಗಟ್ಟಿ ಮಾಡುವ ಪುಡಿ ದುಬಾರಿ, ಕಾಫಿಗೆ ಹಾಕಿದರೆ ಹಿರಿಯರು ಮುಖ ತಿರುಗಿಸುತ್ತಾರೆ. ಮೈಸೂರಿನ ಹಿರಿಯರಿಗೆ ಕಾಫಿ ಬಿಡಿ ಅನ್ನಲು ಆಗುತ್ತದಾ? ಅಂಬಲಿ, ರಾಗಿ ಗಂಜಿ, ಹೆಸರುಬೇಳೆ ತವ್ವೆ, ಮೆತ್ತಗಿನ ಪೊಂಗಲ್, ನಮ್ಮ ಅಡುಗೆಯಲ್ಲೇ ಎಷ್ಟೊಂದು ಇವೆ. ಪ್ರತಿಯೊಂದನ್ನೂ ಅಳೆದು, ಆರಿದ ಮೇಲೆ ಎಷ್ಟು ಗಟ್ಟಿಯಾಗುತ್ತದೆ ನೋಡಿ, ಇದು 2ನೇ ಮಟ್ಟ, ಇದು 4ನೇ ಮಟ್ಟ ಅಂತ ಪ್ಯಾಕೆಟ್ ಮೇಲೆ ಬರೆದು ಮಾರುವವರು ಬೇಕು. ಆಹಾರ ಗೊತ್ತಿರುವವರು, ನುಂಗುವುದು ಗೊತ್ತಿರುವವರು ಇಬ್ಬರೂ ಇದೇ ಊರಲ್ಲಿ ಇದ್ದಾರೆ. ಅವರನ್ನು ಒಂದೇ ಮೇಜಿಗೆ ಕೂರಿಸಿದರೆ ಇದೊಂದೇ ಸಾಕು, ನಾಲ್ಕು ಸಣ್ಣ ಉದ್ಯಮ ಹುಟ್ಟುತ್ತವೆ.

ನಾಗೋಯಾ_ಕನ್ನಡಿಗ

ಜಪಾನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಹಿರಿಯರ ಆರೈಕೆ ಇಷ್ಟು ದೊಡ್ಡ ಉದ್ಯಮ ಆಗಿದ್ದು ರೋಬೋಟ್‌ನಿಂದ ಅಂತ ಹೊರಗಿನವರು ತಿಳಿದಿದ್ದಾರೆ. ಆದರೆ ನಿಜವಾಗಿ ಹಣ ಯಾರು ಕೊಡಬೇಕು ಅನ್ನುವುದು ತೀರ್ಮಾನ ಆಗಿದ್ದು ಮುಖ್ಯ. 2000ನೇ ಇಸವಿ ಏಪ್ರಿಲ್‌ನಲ್ಲಿ ದೀರ್ಘಾವಧಿ ಆರೈಕೆ ವಿಮೆ ಶುರುವಾಯಿತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಹೆಚ್ಚುಕಡಿಮೆ ಅರ್ಧ ಹಣ ತೆರಿಗೆಯಿಂದ ಬರುತ್ತದೆ. ಆರೈಕೆ ಬೇಕಾದಾಗ ಎಷ್ಟು ಬೇಕು ಅಂತ ಅಳೆದು ಮಟ್ಟ ಕೊಡುತ್ತಾರೆ, ಹೆಚ್ಚಿನವರು ಖರ್ಚಿನಲ್ಲಿ ಹತ್ತನೇ ಒಂದು ಭಾಗ ಕೊಟ್ಟರೆ ಆಯಿತು, ಆದಾಯ ಜಾಸ್ತಿ ಇದ್ದವರಿಗೆ ಪಾಲು ಜಾಸ್ತಿ. ಮಂಚ, ವೀಲ್‌ಚೇರ್ ಬಾಡಿಗೆಗೆ ಸಿಗುತ್ತವೆ. ಮನೆಗೆ ಹಿಡಿಕೆ ಹಾಕಿಸಲು, ಹೊಸ್ತಿಲು ತೆಗೆಸಲು 2 ಲಕ್ಷ ಯೆನ್ ತನಕದ ಖರ್ಚು ವಿಮೆಯಲ್ಲಿ ಬರುತ್ತದೆ. ಹೀಗಾಗಿ ಬಡಾವಣೆಗೊಂದು ಉಪಕರಣದ ಅಂಗಡಿ ಬದುಕುತ್ತದೆ.

ಕಿಟಾಕ್ಯುಶು ಅಂತ ಒಂದು ಊರಿದೆ, ಹಳೇ ಉಕ್ಕಿನ ಊರು, ವಯಸ್ಸಾದವರೇ ಜಾಸ್ತಿ. ಅಲ್ಲಿ ಹೊಸ ಯಂತ್ರಗಳನ್ನು ನಿಜವಾದ ವೃದ್ಧಾಶ್ರಮಗಳಲ್ಲೇ ಇಟ್ಟು, ಆರೈಕೆ ಮಾಡುವವರ ಹೊರೆ ಎಷ್ಟು ಕಡಿಮೆ ಆಯಿತು ಅಂತ ನೋಡುತ್ತಾರೆ. ಕಡಿಮೆ ಆಗದಿದ್ದರೆ ಆ ಯಂತ್ರ ಯಾರಿಗೆ ಬೇಕು?

ನಮ್ಮಲ್ಲಿ ಸ್ಟಾರ್ಟಪ್‌ಗೆ ಹಣ ಇಲ್ಲ ಅಂತಲ್ಲ. ಹಿರಿಯರ ಆರೈಕೆಯ ಸ್ಟಾರ್ಟಪ್‌ಗಳಿಗೆ ಅಂತಲೇ ಇರುವ ಕೇಂದ್ರದ ಸೇಜ್ (SAGE) ಯೋಜನೆಯಲ್ಲಿ ಒಂದು ಕಂಪನಿಗೆ 1 ಕೋಟಿ ತನಕ ಬಂಡವಾಳ, ರಾಜ್ಯದ ಎಲಿವೇಟ್‌ನಲ್ಲಿ 50 ಲಕ್ಷ ತನಕ ಅನುದಾನ ಅಂತ ಇದೆ. ಆದರೆ ತಯಾರಿಸಿದ್ದನ್ನು ಕೊಳ್ಳುವವರು ಯಾರು? 70 ದಾಟಿದವರಿಗೆ ಆಯುಷ್ಮಾನ್‌ನಲ್ಲಿ 5 ಲಕ್ಷ ಬಂದಿರುವುದು ಒಳ್ಳೆಯದೇ, ಆದರೆ ಅದು ಆಸ್ಪತ್ರೆಗೆ ಸೇರಿದರೆ ಮಾತ್ರ. ಮನೆಯಲ್ಲಿ ಮಲಗಿದವರಿಗೆ ಅದರಿಂದ ಒಂದು ಡೈಪರ್ ಕೂಡ ಬರುವುದಿಲ್ಲ. ಆದ್ದರಿಂದ ಮಾರುವುದು ಬಿಟ್ಟು ಬಾಡಿಗೆ ಲೆಕ್ಕದಲ್ಲಿ ಯೋಚಿಸಿ. ಮೂರು ತಿಂಗಳು ಮಾತ್ರ ಬೇಕಾಗುವ ಮಂಚಕ್ಕೆ ಪೂರ್ತಿ ಬೆಲೆ ಕೊಡಲು ಎಷ್ಟು ಮನೆಗಳಿಗೆ ಆಗುತ್ತದೆ?

ಹುಣಸೂರು_ರೈತನ_ಮಗಳು

ಎಲ್ಲ ಚೆನ್ನಾಗಿದೆ, ಆದರೆ ಇದು ಪೆನ್ಶನ್ ಬರುವವರ ಮಾತಾಯಿತು. ನಮ್ಮ ಊರಲ್ಲಿ ಹಿರಿಯರಿಗೆ ತಿಂಗಳಿಗೆ ಬರುವುದು ಸಂಧ್ಯಾ ಸುರಕ್ಷಾ ಅನ್ನುವ ರಾಜ್ಯ ಸರ್ಕಾರದ ಮಾಸಾಶನದ 1,200 ರೂಪಾಯಿ. ಮಕ್ಕಳು ಬೆಂಗಳೂರಿನಲ್ಲಿ. ಅಜ್ಜಿಗೆ ಕಿವಿ ಕೇಳುವುದಿಲ್ಲ ಅಂದರೆ ವಯಸ್ಸಾಯಿತು ಬಿಡು ಅನ್ನುತ್ತಾರೆ. ಶಿಬಿರದಲ್ಲಿ ಕಿವಿಯಂತ್ರ ಕೊಟ್ಟು ಹೋಗುತ್ತಾರೆ, ಸೆಲ್ ಮುಗಿದ ಮೇಲೆ ಅದು ಡಬ್ಬಿಯಲ್ಲೇ ಇರುತ್ತದೆ, ಯಾಕೆಂದರೆ ಸೆಲ್ ಬೇಕಾದರೆ ಬಸ್ ಹತ್ತಿ ಪೇಟೆಗೆ ಹೋಗಬೇಕು.

ಸಂಶೋಧನೆ ಅಂದರೆ ಪೇಟೆ ಒಳಗೇ ಆಗಬೇಕು ಅಂತ ಇಲ್ಲ. ಬೆಂಗಳೂರಿನ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ನೋಡುವ ಕೆಲಸ ಹಿಡಿದಿದ್ದಾರೆ. ಹಳ್ಳಿಯವರು ಸಹಕಾರ ಕೊಡುವುದಿಲ್ಲ ಅನ್ನುವ ಮಾತು ಸುಮ್ನೆ. ಬಂದು ಗೌರವದಿಂದ ಕೇಳಿದರೆ ಕೊಡುತ್ತಾರೆ. ನಿಮ್ಮ ಮೊದಲ ವರ್ಷದ ಕೆಲಸದಲ್ಲಿ ಒಂದು ಹೋಬಳಿಯಾದರೂ ಇರಲಿ, ಒಬ್ಬ ತರಬೇತಿಯಾದ ಹುಡುಗಿ, ಒಂದು ಸ್ಕೂಟರ್, ಕಿವಿಯಂತ್ರದ ಸೆಲ್, ಬಿಪಿ ನೋಡುವ ಮೆಷಿನ್.

ಸರಸ್ವತಿಪುರಂ_ಗೆಳೆಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಂಪಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಟ್ಟಡದ ಪುಟ ತೆಗೆದಿದ್ದೇವೆ. ಬಾಡಿಗೆಗೆ ಒಂದು ಹಳೇ ಮನೆ ಹಿಡಿಯುವುದು, ಅದರ ಬಚ್ಚಲು, ಅಡುಗೆಮನೆ, ಮಲಗುವ ಕೋಣೆಯಲ್ಲೇ ತರಬೇತಿ ಕೊಡುವುದು, ಹೊಸ ಉಪಕರಣಗಳನ್ನು ಅಲ್ಲೇ ಪರೀಕ್ಷೆ ಮಾಡುವುದು ಅಂತ ಬರೆಯುತ್ತಿದ್ದೇವೆ. ಮಂಚ, ಏರ್ ಬೆಡ್ ಬಾಡಿಗೆ ಕೂಡ ಅಲ್ಲಿಂದಲೇ. ಹುಣಸೂರಿನ ಅಕ್ಕ ಹೇಳಿದ ಹೋಬಳಿ ಕೆಲಸಕ್ಕೆ ಹಣ ಎಲ್ಲಿಂದ ಅಂತ ಇನ್ನೂ ಹೊಳೆದಿಲ್ಲ, ಆದರೆ ಬಿಡುವುದಿಲ್ಲ.

ನರ್ಸ್ ಮೇಡಂ, ನೀವು ಹೇಳಿದ ಬಾಗಿಲಿನ ವಿಷಯ. ನೀವು ಹೋಗುವ ಮನೆಗಳ ಬಚ್ಚಲ ಬಾಗಿಲ ಅಗಲ, ಹೊಸ್ತಿಲ ಎತ್ತರ ಟೇಪ್ ಹಿಡಿದು ಅಳೆದು ಕೊಡಲು ಆಗುತ್ತದಾ? ಮನೆಯವರ ಒಪ್ಪಿಗೆ ಕೇಳಿ, ಹೆಸರು ವಿಳಾಸ ಏನೂ ಬೇಡ.

ಮನೆಮನೆ_ನರ್ಸ್

ಕೊಡುತ್ತೇನೆ. ಕಮೋಡ್‌ನಿಂದ ಗೋಡೆಗೆ ಎಷ್ಟು ಜಾಗ ಇದೆ ಅನ್ನುವುದನ್ನೂ ಅಳೆಯುತ್ತೇನೆ, ಹಿಡಿಕೆ ಹಾಕಲು ಅದು ಬೇಕಾಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಇನ್ನಿಬ್ಬರಿಗೂ ಹೇಳುತ್ತೇನೆ, ಅವರು ಎನ್.ಆರ್. ಮೊಹಲ್ಲಾ ಕಡೆ ಹೋಗುತ್ತಾರೆ, ಅಲ್ಲಿ ಮನೆಗಳು ಇನ್ನೂ ಇಕ್ಕಟ್ಟು.