ಅಹೋಬ್ಲುವಿನ ಇಂಗ್ಲಿಷ್ ಕಿತ್ತವರು ಯಾರು?

(ಹಳೆಯ ವಿದ್ಯಾರ್ಥಿಗಳ ಗುಂಪು. ಹಂಚಿದ್ದು: ಕೈಲಾಸಂ ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ ಪ್ರದರ್ಶನದ ಮೂರು ನಿಮಿಷದ ವಿಡಿಯೊ)

ನಿರ್ದೇಶಕ: ನಿನ್ನೆಯ ನಾಟಕದ ತುಣುಕು. ನೋಡಿ, ಬೆನ್ನು ತಟ್ಟಿ. ಬೈಯುವವರು ನನಗೊಬ್ಬನಿಗೇ ಬರೆದು ಬೈಯಬಹುದು.

ಹಿಂದಿನ ಸಾಲಿನವಳು: ನಾನು ಇಲ್ಲಿಯೇ ಬೈಯುತ್ತೇನೆ. ಅಹೋಬ್ಲುವಿನ ಇಂಗ್ಲಿಷನ್ನೆಲ್ಲ ಕಿತ್ತುಹಾಕಿದವರು ಯಾರು? ಆ ವಕೀಲನ ಬಾಯಲ್ಲಿ ಅಚ್ಚಗನ್ನಡ ಕೇಳಿ ಮಾನನಷ್ಟ ಮೊಕದ್ದಮೆ ಹೂಡಬೇಕೆನಿಸಿತು. ಪಾಪ, ಅವನಿಗೂ ಒಂದು ಕೇಸು ಸಿಕ್ಕಂತಾಗುತ್ತಿತ್ತು.

ನಿರ್ದೇಶಕ: ಮಕ್ಕಳಿಗೂ ಅರ್ಥವಾಗಲಿ ಎಂದು ತಿದ್ದಿದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅಲ್ಲಿಂದ 60 ವರ್ಷ, 2006ಕ್ಕೇ ಕೃತಿಸ್ವಾಮ್ಯ ಮುಗಿಯಿತು. ಯಾರ ಅಪ್ಪಣೆಯೂ ಬೇಡ.

ಹಿಂದಿನ ಸಾಲಿನವಳು: ಅಪ್ಪಣೆ ಬೇಡ, ಕಿವಿ ಬೇಕು. ಅವರು ನಾಟಕಗಳನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸುತ್ತಿದ್ದರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು ಗೊತ್ತಿಲ್ಲದೆ ಭಾಷೆ ಕಲಸಿದರೇನು? ಆ ಕಲಬೆರಕೆಯೇ ಬಡಾಯಿ. ಬಂಡವಾಳವಿಲ್ಲದವನ ಬಂಡವಾಳವೆಂದರೆ ಆ ಇಂಗ್ಲಿಷ್ ಒಂದೇ. ಅದನ್ನೂ ಕಿತ್ತುಕೊಂಡರೆ ಉಳಿಯುವುದು ಕೆಲಸವಿಲ್ಲದ ಒಬ್ಬ ವಕೀಲ. ಅವನನ್ನು ನೋಡಿ ನಗುವುದಾದರೂ ಹೇಗೆ?

ಅಹೋಬ್ಲು ಪಾತ್ರಧಾರಿ: ನಾನೂ ಒಂದು ಮಾತು ಹೇಳಲೆ? ಮೊದಲ ತಾಲೀಮಿನಲ್ಲಿ ಮೂಲದ ಮಾತುಗಳನ್ನು ಓದಿದಾಗ ನಾಲಿಗೆ ತಾನಾಗಿ ಓಡುತ್ತಿತ್ತು. ತಿದ್ದಿದ ಮೇಲೆ ವಾರ್ತೆ ಓದಿದಂತಾಯಿತು. ನಿನ್ನೆ ಜನ ಹೊಟ್ಟೆ ಹಿಡಿದು ನಕ್ಕದ್ದು ನನ್ನ ಮೀಸೆ ಬಿದ್ದಾಗ ಮಾತ್ರ.

ಬೆಳಕಿನವನು: ಅದು ನಾಟಕದ ಭಾಗವಲ್ಲವೆ? ನಾನು ಮೀಸೆಯ ಮೇಲೆ ಸ್ಪಾಟ್‌ಲೈಟ್ ಬಿಟ್ಟೆನಲ್ಲ!

ಪ್ರಾಂಪ್ಟರ್: ಆ ನಗೆಯನ್ನೂ ಹಾಳು ಮಾಡಿದಿರಿ. ಅದು ಏರುತ್ತಿರುವಾಗಲೇ ಮುಂದಿನ ಮಾತು ಶುರುವಾಯಿತು, ಎರಡು ಸಾಲು ಯಾರಿಗೂ ಕೇಳಿಸಲಿಲ್ಲ. ಹಾಗೆಂದು ಪೂರ್ತಿ ತಣ್ಣಗಾಗಲು ಬಿಟ್ಟರೂ ಕೆಡುತ್ತದೆ. ನಗೆ ಇಳಿಯತೊಡಗಿದ ಕ್ಷಣವನ್ನು ಹಿಡಿಯಬೇಕು.

ನಿರ್ದೇಶಕ: ಈಗ ಎಲ್ಲರೂ ಪಂಡಿತರು. ತಾಲೀಮಿಗೆ ತಪ್ಪದೆ ಬಂದವರು ನಾಲ್ವರು.

ಹಿಂದಿನ ಸಾಲಿನವಳು: ನಾಲ್ವರಿಗೂ ಚಹಾ ತಂದುಕೊಟ್ಟವಳು ನಾನು. ಅಂದೂ ಇದನ್ನೇ ಹೇಳಿದ್ದೆ. ನೀನು ಫೋನಿನಲ್ಲಿದ್ದೆ.

ನಿರ್ದೇಶಕ: ಈ ಸಂದೇಶವನ್ನು ಅಳಿಸಲಾಗಿದೆ.

ಪ್ರಾಂಪ್ಟರ್: ಅಳಿಸುವ ಮೊದಲೇ ಓದಿದೆ. ಮೂರು ಬೈಗುಳ, ಮೂರೂ ಇಂಗ್ಲಿಷ್.

ಅಹೋಬ್ಲು ಪಾತ್ರಧಾರಿ: ಮಕ್ಕಳಿಗೂ ಅರ್ಥವಾಗುವಂತೆ ತಿದ್ದಿಕೊಡಲೆ?

ನಿರ್ದೇಶಕ: ಭಾನುವಾರ ಹತ್ತಕ್ಕೆ ತಾಲೀಮು. ಮೂಲದ ಪ್ರತಿ ಯಾರ ಬಳಿ ಇದೆ?

ಬೆಳಕಿನವನು: ಮೀಸೆ ಬೀಳುವುದು ಇರುತ್ತದೆ ತಾನೆ?