ಪವರ್ ಏರಿಸಿದರೆ ಚಿನ್ನದ ಎಲೆಕ್ಟ್ರಾನ್‌ಗಳು ತಣಿಯಲು ಯಾಕೆ ತಡ?

ಲ್ಯಾಬ್‌ಗೂಬೆ:
ಎಂಎಸ್ಸಿ ಪ್ರಾಜೆಕ್ಟ್‌ಗೆ ಚಿನ್ನದ ತೆಳು ಪದರದ ಮೇಲೆ ಪಂಪ್-ಪ್ರೋಬ್ ಮಾಡುತ್ತಿದ್ದೇನೆ: ಒಂದು ಲೇಸರ್ ಮಿಂಚು (ಪಂಪ್) ಚಿನ್ನವನ್ನು ಬಿಸಿ ಮಾಡುತ್ತದೆ, ತುಸು ತಡವಾಗಿ ಬರುವ ಇನ್ನೊಂದು (ಪ್ರೋಬ್) ಏನಾಯಿತು ಅಂತ ನೋಡುತ್ತದೆ. ಪಂಪ್ 800 ನ್ಯಾನೊಮೀಟರ್, 100 ಫೆಮ್ಟೊಸೆಕೆಂಡ್. ಪ್ರೋಬ್ 500ರ ಹತ್ತಿರ. ಪಂಪ್ ಬಿದ್ದ ತಕ್ಷಣ ಪ್ರತಿಫಲನ ಹತ್ತು ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಬದಲಾಗುತ್ತದೆ, ಅಷ್ಟೇ. ಲಾಕ್-ಇನ್ (ಗದ್ದಲದೊಳಗಿಂದ ಸಣ್ಣ ಸಿಗ್ನಲ್ ಹೆಕ್ಕುವ ಉಪಕರಣ) ಇಲ್ಲದಿದ್ದರೆ ಕಾಣುವುದೇ ಇಲ್ಲ. ಪಕ್ಕದ ಲ್ಯಾಬಿನ ವ್ಯಾಕ್ಯೂಮ್ ಪಂಪ್ ನಿಂತ ಮೇಲೆ, ಅಂದರೆ ರಾತ್ರಿ ಹನ್ನೊಂದಕ್ಕೆ, ನನ್ನ ದಿನ ಶುರು.

ಎರಡು ತೊಂದರೆ. ಕಡಿಮೆ ಪವರ್‌ನಲ್ಲಿ ಸಿಗ್ನಲ್ 0.5 ಪಿಕೊಸೆಕೆಂಡ್‌ನಲ್ಲೇ ಇಳಿಯುತ್ತದೆ. (ಪಿಕೊಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು, ಸಾವಿರ ಫೆಮ್ಟೊಸೆಕೆಂಡ್.) ಎಲ್ಲರೂ 1ರ ಆಸುಪಾಸು ಅನ್ನುತ್ತಾರೆ. ಇನ್ನೊಂದು, ಪವರ್ ಏರಿಸಿದಷ್ಟೂ ಇಳಿಯುವುದು ನಿಧಾನ. ಜಾಸ್ತಿ ಬಿಸಿಯಾದದ್ದು ಬೇಗ ಶಾಖ ಬಿಡಬೇಕಲ್ವಾ?

ಹಳೇಲೆನ್ಸ್:
ಎರಡನೆಯದು ತೊಂದರೆಯಲ್ಲ, ಸರಿಯಾಗಿ ಅಳೆದಿದ್ದೀರಿ ಅನ್ನುವುದಕ್ಕೆ ಗುರುತು. 1974ರಲ್ಲಿ ಅನಿಸಿಮೊವ್ ಮತ್ತು ಸಂಗಡಿಗರು ಕೊಟ್ಟ ಎರಡು-ತಾಪಮಾನದ ಮಾದರಿ ನೋಡಿ. ಎಲೆಕ್ಟ್ರಾನ್‌ಗಳಿಗೆ ಒಂದು ತಾಪಮಾನ, ಲ್ಯಾಟಿಸ್‌ಗೆ, ಅಂದರೆ ಪರಮಾಣುಗಳ ಜಾಲಕ್ಕೆ, ಇನ್ನೊಂದು. ಕೋಣೆಯ ಉಷ್ಣತೆಯಲ್ಲಿ ಎಲೆಕ್ಟ್ರಾನ್‌ಗಳ ಶಾಖ ಹಿಡಿಯುವ ಶಕ್ತಿ ಲ್ಯಾಟಿಸ್‌ನ ನೂರನೇ ಒಂದು ಪಾಲು ಮಾತ್ರ. ಒಗ್ಗರಣೆ ಸೌಟು, ಸಾರಿನ ಪಾತ್ರೆ ಇದ್ದ ಹಾಗೆ. ಎಲೆಕ್ಟ್ರಾನ್‌ಗಳು 1000 ಕೆಲ್ವಿನ್ ಮುಟ್ಟಿದರೂ ಕೊನೆಗೆ ಚಿನ್ನ ಬಿಸಿಯಾಗುವುದು ಹತ್ತು-ಹದಿನೈದು ಡಿಗ್ರಿ.

ಆದರೆ ಈ ಸೌಟು ಬಿಸಿಯಾದಷ್ಟೂ ದೊಡ್ಡದಾಗುತ್ತದೆ! ಎಲೆಕ್ಟ್ರಾನ್‌ಗಳ ಶಾಖ ಸಾಮರ್ಥ್ಯ ಅವುಗಳ ತಾಪಮಾನದ ಜೊತೆಗೇ ಏರುತ್ತದೆ. ತಾಪಮಾನದ ಅಂತರ ಹೆಚ್ಚಾದಷ್ಟು ಶಾಖವೂ ಬೇಗ ಹರಿಯುತ್ತದೆ, ನಿಜ. ಆದರೆ ಖಾಲಿ ಮಾಡಬೇಕಾದದ್ದು ಅದಕ್ಕಿಂತ ಜಾಸ್ತಿ ಬೆಳೆದಿರುತ್ತದೆ. ಹಾಗಾಗಿ ತಡ. ಬೇರೆ ಬೇರೆ ಪವರ್‌ನಲ್ಲಿ ಅಳೆದು, ಗೆರೆ ಎಳೆದು, ಪವರ್ ಸೊನ್ನೆಯಾದರೆ ಎಷ್ಟು ಬರುತ್ತದೆ ನೋಡಿ.

ಅಂದಹಾಗೆ 500 ಆರಿಸಿದ್ದು ಒಳ್ಳೆಯದಾಯಿತು. ಚಿನ್ನದ ಡಿ-ಪಟ್ಟಿಯ (ಕೆಳಗಿನ ಶಕ್ತಿಮಟ್ಟಗಳ) ಎಲೆಕ್ಟ್ರಾನ್‌ಗಳು ಫರ್ಮಿ ಮಟ್ಟಕ್ಕೆ (ಎಲೆಕ್ಟ್ರಾನ್‌ಗಳು ತುಂಬಿರುವ ಮೇಲಿನ ಗಡಿಗೆ) ಹಾರಲು ಸುಮಾರು 2.4 ಎಲೆಕ್ಟ್ರಾನ್-ವೋಲ್ಟ್ ಬೇಕು. ಚಿನ್ನ ಹಳದಿ ಕಾಣುವುದೂ ಇದರಿಂದಲೇ. 500ರ ಬೆಳಕಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಯೇ ಪ್ರೋಬ್ ಇಟ್ಟರೆ ಬಿಸಿ ಎಲೆಕ್ಟ್ರಾನ್‌ಗಳ ಚೇಷ್ಟೆ ಚೆನ್ನಾಗಿ ಕಾಣುತ್ತದೆ.

ಮೂರುಕನ್ನಡಿ:
0.5ರ ಬಗ್ಗೆ ಒಂದೇ ಪ್ರಶ್ನೆ. ಡಿಲೇ ಸ್ಟೇಜ್ (ಕನ್ನಡಿ ಸರಿಸಿ ಒಂದು ಮಿಂಚನ್ನು ತಡಮಾಡುವ ಸಾಧನ) ಎಷ್ಟು ಸರಿದರೆ ಒಂದು ಪಿಕೊಸೆಕೆಂಡ್ ಅಂತ ಲೆಕ್ಕ ಹಾಕಿದ್ದೀರಿ?

ಲ್ಯಾಬ್‌ಗೂಬೆ:
0.3 ಮಿಲಿಮೀಟರ್. ಬೆಳಕು ಅಷ್ಟೇ ದೂರ ಹೋಗುತ್ತದಲ್ಲ...

ಅಯ್ಯೋ. ಬೆಳಕು ಸ್ಟೇಜಿನ ಕನ್ನಡಿವರೆಗೆ ಹೋಗಿ ವಾಪಸ್ಸೂ ಬರುತ್ತದೆ. 0.15 ಮಿಲಿಮೀಟರ್ ಸರಿದರೆ ಸಾಕಿತ್ತು. ಮೂರು ವಾರದ ಗ್ರಾಫ್‌ಗಳ ಎಕ್ಸ್ ಅಕ್ಷವೆಲ್ಲ ಅರ್ಧ. ಗೈಡ್ ನೋಡುವ ಮೊದಲು ಎರಡರಿಂದ ಗುಣಿಸಿ ಬರುತ್ತೇನೆ.